ಮತ್ತಿ ಮರದ ನಾಲ್ಕು ಹೆಸರುಗಳು: ಕಾಡು ಮತ್ತು ಕೋಡ್ ನಡುವಿನ ನನ್ನ ಅನುಭವ

ಶಿರಸಿಯಲ್ಲಿ ಅರಣ್ಯ ವಿಜ್ಞಾನ ಓದುತ್ತಿದ್ದಾಗ ಕಂಪ್ಯೂಟರ್ ನನ್ನ ಪಾಲಿಗೆ ವರದಿ ಟೈಪು ಮಾಡುವ ಯಂತ್ರವಷ್ಟೇ ಆಗಿತ್ತು. ಕೆಲಸಕ್ಕೆ ಸೇರಿದ ಮೇಲೆ, ಹಲವು ವರ್ಷಗಳ ಮರಗಣತಿಯ ಪುಸ್ತಕಗಳನ್ನು ಒಂದೇ ಲೆಕ್ಕಕ್ಕೆ ತರಬೇಕಾಗಿ ಬಂದಾಗ ಪ್ರೋಗ್ರಾಮಿಂಗ್ ಕಲಿಯದೆ ವಿಧಿಯಿರಲಿಲ್ಲ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆದ ಕಾಂಡದ ಸುತ್ತಳತೆಯನ್ನು ಕೆಲವರು ಹಾಗೆಯೇ ಬರೆದಿದ್ದರು, ಇನ್ನು ಕೆಲವರು ವ್ಯಾಸಕ್ಕೆ ಪರಿವರ್ತಿಸಿ ಬರೆದಿದ್ದರು. ಸುತ್ತಳತೆಯನ್ನೇ ವ್ಯಾಸವೆಂದು ಓದಿಕೊಂಡರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಹತ್ತು ಪಟ್ಟಾಗುತ್ತದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬರೆದ ಮೊದಲ ಪ್ರೋಗ್ರಾಮ್ ಇಂಥ ಸಾಲುಗಳನ್ನು ಹೆಕ್ಕುವುದಕ್ಕಾಗಿಯೇ ಇತ್ತು.

ಅದಕ್ಕಿಂತ ಹೆಚ್ಚು ಕಾಡಿದ್ದು ಮರಗಳ ಹೆಸರು. ನಮ್ಮ ಮತ್ತಿ ಮರ ಟರ್ಮಿನೇಲಿಯಾ ಟೊಮೆಂಟೋಸಾ, ಅಲಾಟಾ, ಕ್ರೆನುಲೇಟಾ, ಎಲಿಪ್ಟಿಕಾ ಎಂಬ ನಾಲ್ಕು ವೈಜ್ಞಾನಿಕ ಹೆಸರುಗಳಲ್ಲಿ ಬೇರೆ ಬೇರೆ ಪುಸ್ತಕಗಳಲ್ಲಿ ದಾಖಲಾಗಿದ್ದರಿಂದ, ಒಂದೇ ಮರವನ್ನು ಕಂಪ್ಯೂಟರ್ ನಾಲ್ಕು ಪ್ರಭೇದವೆಂದು ಎಣಿಸಿ ವೈವಿಧ್ಯದ ಸೂಚ್ಯಂಕವನ್ನು ಏರಿಸಿಬಿಟ್ಟಿತ್ತು. ಆ ಅಂಕಿಯನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮುಂದೆ ಪೈಥಾನ್ ಎಂಬ ಇನ್ನೊಂದು ಭಾಷೆಯನ್ನು ಕಲಿತು ಉಪಗ್ರಹ ಚಿತ್ರಗಳಿಂದ ಕಾಡಿನ ನಕ್ಷೆ ಮಾಡತೊಡಗಿದೆ. ಸೆಂಟಿನೆಲ್-2 ಉಪಗ್ರಹಗಳು ಒಂದು ಚುಕ್ಕೆ ನೆಲದ 10 ಮೀಟರ್ ಅಗಲವನ್ನು ತೋರುವ ಚಿತ್ರಗಳನ್ನು ಉಚಿತವಾಗಿ ಕೊಡುತ್ತವೆಯಾದರೂ ಮಲೆನಾಡಿನ ಮಳೆಗಾಲದಲ್ಲಿ ಕಾಣುವುದು ಮೋಡವೇ. ಹೀಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಚಿತ್ರಗಳನ್ನೇ ನೆಚ್ಚಿಕೊಂಡೆ. ಮತ್ತಿ, ಜಂಬೆ ಮರಗಳು ಎಲೆ ಉದುರಿಸುವ ಕಾಲವದು, ಎಲೆಯುದುರುವ ಕಾಡು ತಾನಾಗಿ ಬೇರೆಯಾಗಿ ಕಾಣುತ್ತದೆ. ತೊಡಕಾದದ್ದು ವರ್ಷವಿಡೀ ಹಸಿರಾಗಿರುವ ಅಡಿಕೆ ತೋಟ. ರ‍್ಯಾಂಡಮ್ ಫಾರೆಸ್ಟ್ ಎಂಬ, ನಾವು ಗುರುತಿಸಿ ಕೊಟ್ಟ ಬಿಂದುಗಳಿಂದ ಕಲಿತು ಉಳಿದ ಚಿತ್ರವನ್ನು ವಿಂಗಡಿಸುವ ಕಂಪ್ಯೂಟರ್ ವಿಧಾನ, ಹೆಸರಿನಲ್ಲಿ ಕಾಡನ್ನು ಹೊತ್ತಿದ್ದರೂ, ಎಷ್ಟೋ ತೋಟಗಳನ್ನು ನಿತ್ಯಹರಿದ್ವರ್ಣ ಕಾಡೆಂದೇ ಬಣ್ಣ ಬಳಿಯಿತು. ತೋಟಗಳು ಸಾಮಾನ್ಯವಾಗಿ ನೀರಿರುವ ಕಣಿವೆಯ ತಳದಲ್ಲಿರುತ್ತವೆ ಎಂಬ ಊರಿನ ತಿಳಿವಳಿಕೆಯಿಂದ ಇಳಿಜಾರು ಮತ್ತು ಎತ್ತರದ ಮಾಹಿತಿಯನ್ನೂ ಸೇರಿಸಿದ ಮೇಲೆ ನಕ್ಷೆ ಸುಧಾರಿಸಿತು.

ಆದರೆ ಎಷ್ಟು ಸುಧಾರಿಸಿತೆಂದು ಅಳೆಯುವಲ್ಲಿ ಮತ್ತೆ ಎಡವಿದೆ. ಒಂದೇ ತೋಟದ ಅಕ್ಕಪಕ್ಕದ ಬಿಂದುಗಳಲ್ಲಿ ಕೆಲವನ್ನು ಪ್ರೋಗ್ರಾಮಿಗೆ ಕಲಿಸುವುದಕ್ಕೂ ಕೆಲವನ್ನು ಅದನ್ನು ಪರೀಕ್ಷಿಸುವುದಕ್ಕೂ ಬಳಸಿದ್ದೆ. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ಪರೀಕ್ಷೆ ನಡೆಸಿದಂತಾಯಿತು. ಇಡೀ ಒಂದು ಕಣಿವೆಯನ್ನು ಕಲಿಕೆಯಿಂದ ಹೊರಗಿಟ್ಟು ಅಲ್ಲಿಯೇ ಪರೀಕ್ಷಿಸಿದಾಗ ನಿಖರತೆ ಗಣನೀಯವಾಗಿ ಇಳಿಯಿತು. ವರದಿಯಲ್ಲಿ ಆ ಇಳಿದ ಅಂಕಿಯನ್ನೇ ಕೊಟ್ಟೆ.

ಈಗಲೂ ಪ್ರತಿ ಡಿಸೆಂಬರ್‌ನಲ್ಲಿ ನಕ್ಷೆಯ ಅನುಮಾನದ ಬಿಂದುಗಳನ್ನು ಫೋನಿಗೆ ತುಂಬಿಕೊಂಡು, ಟೇಪು ಹಿಡಿದು ಹೊರಡುತ್ತೇನೆ. ದಟ್ಟ ಮರಗಳಡಿಯಲ್ಲಿ ಜಿಪಿಎಸ್ ಹಲವು ಮೀಟರ್ ಅತ್ತಿತ್ತ ಸರಿಯುವುದರಿಂದ, ಅದು ತೋರಿಸಿದ ಒಂದು ಮರವನ್ನಲ್ಲದೆ ಸುತ್ತಲಿನ ತುಂಡು ಕಾಡನ್ನೆಲ್ಲ ನೋಡಿ ಬರೆದುಕೊಳ್ಳುತ್ತೇನೆ.