ಕೊಪ್ಪಳದ ವೈನ್ ದ್ರಾಕ್ಷಿ ತೋಟಗಳಿಗೆ ಹೋಗುವವರಿಗೆ ಒಂದು ಸಲಹೆ

ನಮ್ಮ ಕೊಪ್ಪಳ ಜಿಲ್ಲೆಯ ವೈನ್ ದ್ರಾಕ್ಷಿ ತೋಟಗಳನ್ನು ನೋಡಬಯಸುವವರು ಮೊದಲು ತಿಂಗಳನ್ನು ನಿಶ್ಚಯಿಸಿಕೊಳ್ಳಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಾಟನಿ ಮಾಡಿದ, ಅಂದರೆ ಕಡ್ಡಿಗಳನ್ನು ಕತ್ತರಿಸಿ ಸವರಿದ, ಬಳ್ಳಿಯ ಹಣ್ಣು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುವುದರಿಂದ, ಮಳೆಗಾಲದಲ್ಲಿ ಹೋದವರಿಗೆ ಬರೀ ಎಲೆಗಳಷ್ಟೇ ಕಾಣುತ್ತವೆ. ಗೊಂಚಲುಗಳನ್ನು ಕತ್ತರಿಸಿ ಕ್ರೇಟುಗಳಿಗೆ ತುಂಬುವ ಕೆಲಸ ಬಿಸಿಲೇರುವ ಮುನ್ನವೇ ನಡೆಯುವುದರಿಂದ ಬೆಳಿಗ್ಗೆ ಬೇಗನೆ ತೋಟದಲ್ಲಿರುವುದು ಒಳ್ಳೆಯದು; ಔಷಧಿ ಸಿಂಪಡಿಸಿರಬಹುದಾದ ಕಾರಣ, ಕೇಳದೆ ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಬೇಡಿ. ಹಂಪಿ ಗುಡ್ಡಗಳ ಕ್ರಿಸ್ಮಾ ಎಸ್ಟೇಟ್ಸ್ ಸೇರಿದಂತೆ ಯಾವ ತೋಟಕ್ಕೇ ಆಗಲಿ, ಮೊದಲೇ ಅನುಮತಿ ಪಡೆದು ಹೊರಡಿ. ವೈನ್ ರುಚಿ ನೋಡುವ ದಿನ ದಯವಿಟ್ಟು ಸ್ವಂತ ಗಾಡಿ ಓಡಿಸದೆ, ಹೊಸಪೇಟೆಯಿಂದಲೋ ಗಂಗಾವತಿಯಿಂದಲೋ ಚಾಲಕರಿರುವ ಕಾರನ್ನು ಗೊತ್ತುಮಾಡಿಕೊಳ್ಳಿ. ಹಂಪಿ ಬಳಿಯ ಹಳೆಯ ಊರಾದ ಆನೆಗೊಂದಿಯನ್ನು ಮರುದಿನಕ್ಕೆ ಇಟ್ಟುಕೊಂಡರೆ ಎರಡನ್ನೂ ನಿಧಾನವಾಗಿ ನೋಡಬಹುದು.