ಗುಲ್ಮಾರ್ಗ್‌ನ ಹಿಮ ಮತ್ತು ಇಳಿಜಾರನ್ನು ಅಳೆಯುವ ಬಗೆ: ಚಿಕ್ಕಮಗಳೂರಿನಿಂದ ಸ್ಕೀ ಮಾಡಲು ಹೊರಡುವವರಿಗೆ

ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತಿ ಅಭ್ಯಾಸವಿರುವ ಚಿಕ್ಕಮಗಳೂರಿನವರಿಗೆ ಗುಲ್ಮಾರ್ಗ್‌ನಲ್ಲಿ ಕಾಲಿನ ಬಲಕ್ಕೆ ಕೊರತೆಯಾಗದು. ಕೊರತೆಯಾಗುವುದು ಹಿಮದ ಗುಣವನ್ನು ನೋಡಿ ಹೇಳುವ ಕಣ್ಣಿಗೆ. ಹೊರಡುವ ಮುನ್ನ ಎಲ್ಲರೂ ಫೋನಿನಲ್ಲಿ ವಿಚಾರಿಸುವುದು ಎಷ್ಟು ಅಡಿ ಹಿಮ ಬಿದ್ದಿದೆ ಎಂದು. ಆ ಒಂದು ಲೆಕ್ಕದಿಂದ ತಿಳಿಯುವುದು ಅಲ್ಪ. ಹಿಮ ಯಾವಾಗ ಬಿತ್ತು, ಬಿದ್ದ ಮೇಲೆ ಗಾಳಿ ಯಾವ ಕಡೆಯಿಂದ ಬೀಸಿತು, ಇಳಿಯಬೇಕೆಂದಿರುವ ಮಗ್ಗುಲಿಗೆ ಬಿಸಿಲು ಎಷ್ಟು ಹೊತ್ತಿಗೆ ತಾಗುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು.

ಕಾಶ್ಮೀರಕ್ಕೆ ಚಳಿಗಾಲದ ಹಿಮವನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಒಂದರ ಹಿಂದೊಂದು ಬರುವ ಮೋಡಗಳ ಸಾಲು. ಸಾಮಾನ್ಯವಾಗಿ ಜನವರಿಯ ನಡುಭಾಗದಿಂದ ಫೆಬ್ರವರಿ ಕೊನೆಯವರೆಗೆ ಒಣಗಿದ, ಹಗುರವಾದ ಹಿಮ ಸಿಗುತ್ತದೆ. ಆದರೆ ಪಂಚಾಂಗ ನೋಡಿ ಟಿಕೆಟ್ ಮಾಡಿಸುವವರು 2024ನ್ನು ನೆನಪಿಡಬೇಕು: ಆ ವರ್ಷ ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಮೈದಾನ ಹಿಮವಿಲ್ಲದೆ ಬರಿದಾಗಿತ್ತು, ತಿಂಗಳ ಕೊನೆಗೆ ಹಿಮ ಬೀಳತೊಡಗಿತು, ಫೆಬ್ರವರಿ 22ರಂದು ಅಲ್ಲಿನ ಮೇಲಿನ ಇಳಿಜಾರಿನಲ್ಲಿ ಹಿಮಕುಸಿತವಾಗಿ ವಿದೇಶಿ ಸ್ಕೀಯರ್ ಒಬ್ಬರು ತೀರಿಕೊಂಡರು. ತೆಳುವಾದ ಹಿಮ ಬಹಳ ದಿನ ಒಣ ಚಳಿಯಲ್ಲಿ ಬಿದ್ದಿದ್ದರೆ ಅದರ ಕಣಗಳು ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಅದರ ಮೇಲೆ ಬಿದ್ದ ಭಾರೀ ಹೊಸ ಹಿಮಕ್ಕೆ ಹಿಡಿತವಿರುವುದಿಲ್ಲ. ಆದ್ದರಿಂದ ಹಿಂದಿನ ವಾರಗಳ ಹವಾಮಾನವನ್ನೂ ವಿಚಾರಿಸಿಕೊಂಡೇ ಹೊರಡುವುದು ಒಳಿತು.

ಗುಲ್ಮಾರ್ಗ್‌ನ ಮೈದಾನ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಹೊಸಬರು ಕಲಿಯುವ ಇಳಿಜಾರುಗಳು ಇಲ್ಲಿಯೇ ಇವೆ. ಮೊದಲ ಸಲ ಹೋದವರಿಗೆ ಇಷ್ಟು ಸಾಕು. ಗೊಂಡೊಲಾದ, ಅಂದರೆ ತಂತಿಯ ಮೇಲೆ ಸಾಗುವ ಕೇಬಲ್ ಕಾರಿನ, ಮೊದಲ ಹಂತ ನಡುವಿನ ನಿಲ್ದಾಣವಾದ ಕೊಂಗ್‌ದೂರಿಗೆ ಒಯ್ಯುತ್ತದೆ. ಎರಡನೆಯ ಹಂತ ಅಫರ್ವತ್ ಶಿಖರದ ಹೆಗಲಿಗೆ, ಸುಮಾರು 3,980 ಮೀಟರಿಗೆ, ಅಂದರೆ ಮುಳ್ಳಯ್ಯನಗಿರಿಯ ಎತ್ತರದ ಎರಡು ಪಟ್ಟಿಗಿಂತಲೂ ಮೇಲಕ್ಕೆ ತಲುಪಿಸುತ್ತದೆ. ಅಲ್ಲಿ ಮರಗಳಿಲ್ಲ, ಇಳಿಜಾರಿನ ಹೆಚ್ಚಿನ ಭಾಗದ ಹಿಮವನ್ನು ಯಂತ್ರದಿಂದ ಸಮಮಾಡಿ ಹದಗೊಳಿಸಿಲ್ಲ. ಒಂದೇ ದಿನದಲ್ಲಿ ಅಷ್ಟು ಮೇಲೇರಿದವರಿಗೆ ತಲೆನೋವು, ಉಬ್ಬಸ ಬಂದರೆ ಕೂಡಲೇ ಕೆಳಗಿಳಿಯತಕ್ಕದ್ದು.

ಅಫರ್ವತ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ, ಮತ್ತು ಇದು ನಮ್ಮವರಿಗೆ ಬೇಗ ಅರ್ಥವಾಗುವ ವಿಷಯ. ಬಾಬಾಬುಡನ್‌ಗಿರಿ ಸಾಲಿನಲ್ಲಿ ನೆತ್ತಿಯ ಮೇಲೆ ಬರೀ ಹುಲ್ಲಿದ್ದು, ಗಾಳಿಯ ಮರೆಯಾದ ಮಡಿಲುಗಳಲ್ಲಿ ಮಾತ್ರ ಶೋಲಾ ಕಾಡು ಗುಂಪಾಗಿ ನಿಂತಿರುತ್ತದೆಯಲ್ಲವೇ, ಅಂಥ ಮಡಿಲುಗಳನ್ನೇ ಅಲ್ಲಿ ಹಿಮ ತುಂಬಿಕೊಳ್ಳುತ್ತದೆ. ಗಾಳಿ ಏಣಿನ ಮೇಲಿನ ಹಿಮವನ್ನು ಗುಡಿಸಿ ಮರೆಯ ಮಗ್ಗುಲಿಗೆ ಸುರಿಯುತ್ತದೆ. ಹೀಗೆ ಒತ್ತೊತ್ತಾಗಿ ಕೂತ ಹಿಮ ಹಲಗೆಯಂತೆ ಬಿಗಿಯಾಗಿ ಕಂಡರೂ ಅಡಿಯ ಪದರಕ್ಕೆ ಅಂಟಿಕೊಂಡಿರುವುದಿಲ್ಲ. ಬೆಳಿಗ್ಗೆ ಎದ್ದು ನೋಡುವಾಗ ಶಿಖರದ ಅಂಚಿನಿಂದ ಹಿಮದ ಹೊಗೆ ಎದ್ದು ಹಾರುತ್ತಿದ್ದರೆ, ಮೋಡವಿಲ್ಲದ ದಿನವಾದರೂ ಮರೆಯ ಕಡೆ ಹೊರೆ ಏರುತ್ತಿದೆ ಎಂದೇ ತಿಳಿಯಬೇಕು. ಇಳಿಜಾರಿನ ಕೋನವನ್ನು ಫೋನಿನ ಅಳತೆಯ ಆ್ಯಪ್‌ನಿಂದ ನೋಡಿಕೊಳ್ಳಬಹುದು: ಹಲಗೆಯಾಗಿ ಜಾರುವ ಹಿಮಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹೊರಡುತ್ತವೆ, ಮತ್ತು ಸ್ಕೀಯರ್‌ಗಳಿಗೆ ಬಹಳ ಹಿಡಿಸುವ ಕೋನವೂ ದುರದೃಷ್ಟವಶಾತ್ ಅದೇ.

ಕೈಯಲ್ಲಿರುವ ಕೋಲನ್ನು ಹಿಮದೊಳಗೆ ನಿಧಾನವಾಗಿ ಇಳಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೊದಲು ಗಟ್ಟಿ, ಆಮೇಲೆ ಒಮ್ಮೆಲೇ ಪೊಳ್ಳು ತಾಗಿದರೆ ಆ ಕಡೆ ಹೋಗಬಾರದು. ಹೆಜ್ಜೆಯಿಟ್ಟಾಗ ‘ವುಂಫ್’ ಎಂದು ನೆಲ ಕುಸಿದಂತೆ ಸದ್ದಾಗುವುದು, ಸ್ಕೀ ತುದಿಯಿಂದ ಬಿರುಕು ಗೆರೆಯಾಗಿ ಓಡುವುದು, ಇವು ಇನ್ನೂ ಸ್ಪಷ್ಟವಾದ ಎಚ್ಚರಿಕೆಗಳು. ಇನ್ನು ಮುಷ್ಟಿಯಲ್ಲಿ ಹಿಮ ಹಿಡಿದು ಹಿಸುಕಿದಾಗ ಉಂಡೆ ಕಟ್ಟದೆ ಉದುರಿದರೆ ಅದು ಒಣ ಹಿಮ. ಉಂಡೆಯಿಂದ ನೀರು ತೊಟ್ಟಿಕ್ಕಿದರೆ ಆ ಹೊತ್ತಿಗೆ ಕಡಿದಾದ ಮಗ್ಗುಲನ್ನು ಬಿಡಬೇಕು. ಮಾರ್ಚ್‌ನಲ್ಲಿ ಬಿಸಿಲು ಬೀಳುವ ದಕ್ಷಿಣದ ಮಗ್ಗುಲು ಬೆಳಿಗ್ಗೆ ಗಾಜಿನಂತೆ ಗಟ್ಟಿಯಾಗಿದ್ದು, ಹತ್ತು ಗಂಟೆಯ ನಂತರ ಮೇಲ್ಪದರ ಸಡಿಲಾಗಿ ಹಿತವಾಗುತ್ತದೆ, ಮಧ್ಯಾಹ್ನಕ್ಕೆ ಕೆಸರಾಗುತ್ತದೆ. ಉತ್ತರದ ಮಗ್ಗುಲಲ್ಲಿ ಹುಡಿ ಹಿಮ ಹೆಚ್ಚು ದಿನ ಉಳಿಯುತ್ತದೆ. ಅಡಿಯ ದುರ್ಬಲ ಪದರವೂ ಅಷ್ಟೇ ದಿನ ಉಳಿದಿರುತ್ತದೆ.

ದೊಡ್ಡ ಹಿಮ ಬಿದ್ದು ನಿಂತ ಮೇಲೆ ಕನಿಷ್ಠ ಒಂದೆರಡು ದಿನ ಮೇಲಿನ ಇಳಿಜಾರಿಗೆ ಹೋಗದಿರುವುದು ಲೇಸು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಚಂಡೀಗಢದಲ್ಲಿರುವ ಅಂಗಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ನೆಚ್ಚರಿಕೆ ನೀಡುತ್ತದೆ. ಅದನ್ನು ನೋಡಿ, ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ಸ್ಥಳೀಯ ಸ್ಕೀ ಪ್ಯಾಟ್ರೋಲ್ (ಗಸ್ತು) ತಂಡದವರ ಮಾತನ್ನು ಅದಕ್ಕಿಂತ ಹೆಚ್ಚಾಗಿ ಕೇಳಿ. ಗುರುತು ಹಾಕಿದ ದಾರಿ ಬಿಟ್ಟು ಇಳಿಯುವವರ ಪ್ರತಿಯೊಬ್ಬರ ಮೈಮೇಲೂ ಬೀಕನ್ (ಹೂತವರ ಜಾಗ ತಿಳಿಸುವ ಸಂಕೇತ ಸಾಧನ), ಚೀಲದಲ್ಲಿ ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು) ಮತ್ತು ಸಲಿಕೆ ಇರಬೇಕು, ಜೊತೆಗೆ ಅಲ್ಲಿನ ಗೈಡ್ ಇರಬೇಕು. ಈ ಸಲಕರಣೆಗಳು ಒಬ್ಬರ ಬಳಿ ಮಾತ್ರ ಇದ್ದರೆ ಪ್ರಯೋಜನವಿಲ್ಲ, ಏಕೆಂದರೆ ಹೂತುಹೋದವರನ್ನು ಅಗೆದು ತೆಗೆಯಬೇಕಾದವರು ಜೊತೆಗಿದ್ದವರೇ.

ಪ್ರಯಾಣದ ಬಗ್ಗೆ ಒಂದೇ ಮಾತು. ಹಿಮ ಬೀಳುವಾಗ ಗುಲ್ಮಾರ್ಗ್‌ನ ಕೆಳಗಿನ ಊರಾದ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಹಾಕಿದ ವಾಹನವೇ ಬೇಕಾಗುತ್ತದೆ, ಶ್ರೀನಗರದ ವಿಮಾನಗಳೂ ರದ್ದಾಗುತ್ತವೆ. ಆದ್ದರಿಂದ ಬೆಂಗಳೂರಿಗೆ ಮರಳುವ ಟಿಕೆಟ್‌ಗೂ ಕೊನೆಯ ಸ್ಕೀ ದಿನಕ್ಕೂ ನಡುವೆ ಒಂದು ದಿನ ಖಾಲಿ ಬಿಟ್ಟುಕೊಳ್ಳಿ.