38 ನೋಟ್‌ಬುಕ್, ಒಂದೇ ಪತ್ರ

ಒಂದು ಬೇಸಿಗೆ ರಜೆಯಲ್ಲಿ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕ ತೆರೆದು ಪೆನ್ಸಿಲ್ ಹಿಡಿದು ಕುಳಿತೆ. ಅದರ ಬರವಣಿಗೆ ಅಭ್ಯಾಸಗಳಲ್ಲಿ ಮಕ್ಕಳ ತಲೆಗೆ ಕೆಲಸ ಕೊಡುವಂಥವು ಎಷ್ಟಿವೆ ಎಂದು ನೋಡುವ ಕುತೂಹಲ. ಅಳೆಯಲು ಅಮೆರಿಕದ ಶಿಕ್ಷಣತಜ್ಞ ಬ್ಲೂಮ್ ಅವರ ಏಣಿ ಇತ್ತು, ಕಲಿಕೆಯನ್ನು ಸರಳ ಯೋಚನೆಯಿಂದ ಕಠಿಣ ಯೋಚನೆಯವರೆಗೆ ಮೆಟ್ಟಿಲುಗಳಾಗಿ ಜೋಡಿಸಿದ್ದು. 1956ರ ಆ ವರ್ಗೀಕರಣವನ್ನು 2001ರಲ್ಲಿ ಆಂಡರ್ಸನ್ ಮತ್ತು ಕ್ರಾತ್‌ವೋಲ್ ಪರಿಷ್ಕರಿಸಿದಾಗ ನೆನಪು, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನಗಳ ಮೇಲೆ ‘ಸೃಷ್ಟಿ’ ಬಂದು ಕುಳಿತಿತು. ಬಿ.ಎಡ್. ಓದುವಾಗ ಈ ಆರನ್ನೂ ಬಾಯಿಪಾಠ ಮಾಡಿ ಪಾಸಾದವರು ನಾವು, ಅದಿರಲಿ.

ಪ್ರತಿ ಅಭ್ಯಾಸದ ಕ್ರಿಯಾಪದ ನೋಡಿ ಗುರುತು ಹಾಕುತ್ತ ಹೋದೆ. ‘ಪಟ್ಟಿ ಮಾಡಿ’ ಎಂದಿದ್ದರೆ ಕೆಳಗಿನ ಮೆಟ್ಟಿಲು, ‘ಪತ್ರ ಬರೆಯಿರಿ’ ಎಂದಿದ್ದರೆ ನೇರ ಸೃಷ್ಟಿ. ಲೆಕ್ಕ ಚೆನ್ನಾಗಿಯೇ ಬಂತು. ಶಾಲೆ ಶುರುವಾಗಿ ಮೊದಲ ಪತ್ರ ತಿದ್ದಲು ಕುಳಿತಾಗ ಅದು ಕೈಕೊಟ್ಟಿತು. ಊರಿನ ಚರಂಡಿಯ ಬಗ್ಗೆ ದೂರು. 38 ನೋಟ್‌ಬುಕ್‌ಗಳಲ್ಲೂ ಅದೇ ಪತ್ರ. ಸುಳಿವುಗಳು ಪ್ರಶ್ನೆಯಲ್ಲೇ ಇದ್ದವು, ನಡುವೆ ‘ಈಸ್’, ‘ಆರ್’ ತುಂಬಿದರೆ ಕೆಲಸ ಮುಗಿಯಿತು. ನಮ್ಮೂರ ಚರಂಡಿಯೂ ಗೈಡಿನ ಚರಂಡಿಯೂ ಒಂದೇ ವಾಸನೆ ಹೊಡೆಯುತ್ತಿದ್ದವು.

ಮರುದಿನದಿಂದ ಕ್ರಿಯಾಪದ ನೋಡುವುದನ್ನು ಬಿಟ್ಟೆ. ಹತ್ತು ಮಕ್ಕಳು ಬರೆದರೆ ಹತ್ತು ಬಗೆಯ ಉತ್ತರಕ್ಕೆ ಅಲ್ಲಿ ಜಾಗವಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆಯಾಯಿತು.

ಮೊದಲ ಪ್ರಯತ್ನ ನೆಲಕಚ್ಚಿತು. ಪ್ರತಿ ಅಭ್ಯಾಸದ ಕೊನೆಗೆ ‘ನೀವು ಒಪ್ಪುತ್ತೀರಾ? ಏಕೆ?’ ಎಂದು ಸೇರಿಸಿದೆ. ‘ಯೆಸ್, ಬಿಕಾಸ್ ಇಟ್ ಈಸ್ ಗುಡ್’ ಎಂದು ಇಡೀ ತರಗತಿ ಒಪ್ಪಿಕೊಂಡಿತು. ಕನ್ನಡ ಮಾಧ್ಯಮದ ಮಕ್ಕಳು. ಅವರಲ್ಲಿ ವಿಚಾರಕ್ಕೆ ಬರವಿರಲಿಲ್ಲ, ಅದನ್ನು ಹೇಳುವ ಇಂಗ್ಲಿಷಿಗೆ ಬರವಿತ್ತು. ಹಾಗಾಗಿ ಮೊದಲ ಹದಿನೈದು ನಿಮಿಷ ಕನ್ನಡದಲ್ಲೇ ವಾದ ಮಾಡಲು ಬಿಟ್ಟೆ. ಅವರ ಬಾಯಿಂದ ಬಂದ ಮಾತುಗಳಿಗೆ ಬೇಕಾದ ಇಂಗ್ಲಿಷ್ ಪದಗಳನ್ನು ಹಲಗೆಯ ಮೇಲೆ ಬರೆದೆ. ಬರವಣಿಗೆ ಆಮೇಲೆ.

ವ್ಯಕ್ತಿಪರಿಚಯದ ಅಭ್ಯಾಸದಲ್ಲಿ ವಯಸ್ಸು, ಎತ್ತರ, ಹವ್ಯಾಸಗಳ ಪಟ್ಟಿಯನ್ನು ವಾಕ್ಯ ಮಾಡಿದರೆ ಸಾಕಿತ್ತು. ನಾನು ಮೂವರ ಪಟ್ಟಿ ಕೊಟ್ಟು, ಶಾಲಾ ಸಂಸತ್ತಿಗೆ ಇವರಲ್ಲಿ ಒಬ್ಬರನ್ನು ಆರಿಸಿ, ಉಳಿದಿಬ್ಬರು ಏಕೆ ಬೇಡ ಎಂದೂ ಬರೆಯಿರಿ ಎಂದೆ. ಎತ್ತರದ ವಿಷಯ ಎಲ್ಲರೂ ತಾವಾಗಿಯೇ ಕೈಬಿಟ್ಟರು.

ಚರಂಡಿಯ ಪತ್ರವನ್ನು ಮತ್ತೆ ತಂದೆ, ಸುಳಿವುಗಳನ್ನು ತೆಗೆದು. ಒಂದು ಪತ್ರ ಗ್ರಾಮ ಪಂಚಾಯಿತಿಯ ಪಿಡಿಒಗೆ, ಇನ್ನೊಂದು ಬೆಂಗಳೂರಿನಲ್ಲಿರುವ ಅಣ್ಣನಿಗೆ. ಪರೀಕ್ಷೆ ಹತ್ತಿರವಾದಾಗ ಮತ್ತೆ ವಿಳಾಸ, ದಿನಾಂಕ, ಒಕ್ಕಣೆಯ ಕವಾಯತಿಗೇ ಮರಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಅಂಕ ಬೇಕಲ್ಲ. ಆದರೆ ಆ ಎರಡು ಪತ್ರಗಳ ದಿನ 38 ನೋಟ್‌ಬುಕ್ ತಿದ್ದಲು ಮೂರು ಸಂಜೆ ಹಿಡಿಯಿತು, ಬೇಸರವಾಗಲಿಲ್ಲ.

ಒಬ್ಬ ಹುಡುಗಿ ಅಣ್ಣನಿಗೆ, ಚರಂಡಿ ಕಟ್ಟಿಕೊಂಡಿರುವುದು ನಮ್ಮ ಬೀದಿಯವರೇ ಎಸೆದ ಪ್ಲಾಸ್ಟಿಕ್‌ನಿಂದ ಎಂದು ಬರೆದಿದ್ದಳು. ಪಿಡಿಒ ಪತ್ರದಲ್ಲಿ ಆ ಮಾತಿರಲಿಲ್ಲ. ಮರೆತೆಯಾ ಎಂದು ಕೇಳಿದೆ.

“ಇಲ್ಲ ಸರ್, ಬೇಕೆಂದೇ ಬಿಟ್ಟೆ. ಅದು ಗೊತ್ತಾದರೆ ನೀವೇ ಸ್ವಚ್ಛ ಮಾಡಿಕೊಳ್ಳಿ ಎನ್ನುತ್ತಾರೆ.”